ಹನ್ನೆರಡು ಫೋಟೊ, ಮೂವತ್ತು ಸೆಕೆಂಡು, ಒಂದು ಮನೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮೂವತ್ತು-ನಲವತ್ತರ ಸೈಟಿನ ಮನೆಯೊಂದು ಮಾರಾಟಕ್ಕೆ ಬಂದಿದೆ ಎನ್ನಿ. ಗೇಟಿಗೆ ಬೋರ್ಡು ಬೀಳುವ ಮೊದಲೇ ಆ ಮನೆ ಮೊಬೈಲಿನಲ್ಲಿ ಓಡಾಡತೊಡಗುತ್ತದೆ. ಅರ್ಧ ನಿಮಿಷದ ರೀಲ್‌ನಲ್ಲಿ ಗೇಟು ಕಾಣುತ್ತದೆ, ಮುಂಬಾಗಿಲು ಹತ್ತಿರವಾಗುತ್ತದೆ, ಹಾಲ್ ತೆರೆದುಕೊಳ್ಳುತ್ತದೆ, ಆಮೇಲೆ ದೇವರ ಕೋಣೆ, ಅಡುಗೆಮನೆ, ಮೆಟ್ಟಿಲು, ಟೆರೇಸ್. ಯಾರೋ ಕ್ಯಾಮೆರಾ ಹಿಡಿದು ಒಳಗೆಲ್ಲ ಸುತ್ತಾಡಿದ್ದಾರೆ ಎಂದೇ ಅನ್ನಿಸುತ್ತದೆ. ಎಷ್ಟೋ ಸಲ ಹಾಗೆ ಯಾರೂ ಸುತ್ತಾಡಿರುವುದಿಲ್ಲ. ಹತ್ತು-ಹನ್ನೆರಡು ಸ್ಥಿರಚಿತ್ರಗಳಿಗೆ ಚಲನೆ ಕೊಟ್ಟು, ಒಂದಕ್ಕೊಂದು ಬೆಸೆದು ಮಾಡಿದ ವಿಡಿಯೊ ಅದು.

ನೇರವಾಗಿ ವಿಡಿಯೊ ತೆಗೆದರಾಯಿತಲ್ಲ ಎಂದು ಕೇಳಬಹುದು. ಮಾರಾಟಕ್ಕಿರುವ ಮನೆಯಲ್ಲಿ ಎಷ್ಟೋ ಸಲ ಬಾಡಿಗೆದಾರರು ಇರುತ್ತಾರೆ. ಒಳಗೆ ಹೋಗಲು ಒಂದೇ ಸಲ, ಅದೂ ಒಂದು ಗಂಟೆ ಅವಕಾಶ ಸಿಗಬಹುದು. ಕೈಯಲ್ಲಿ ಹಿಡಿದು ತೆಗೆದ ವಿಡಿಯೊ ಅಲುಗಾಡುತ್ತದೆ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಮಂಕಾಗುತ್ತದೆ. ಟ್ರೈಪಾಡ್ ಮೇಲಿಟ್ಟು ತೆಗೆದ ಫೋಟೊ ಹಾಗಲ್ಲ, ಮೂಲೆಮೂಲೆಯೂ ಸ್ಪಷ್ಟವಾಗಿ ಕಾಣುತ್ತದೆ. ಆ ಸ್ಪಷ್ಟತೆಯನ್ನು ಉಳಿಸಿಕೊಂಡೇ ಚಿತ್ರಕ್ಕೆ ನಡಿಗೆ ಕೊಡುವುದು ಎಡಿಟರ್‌ನ ಕೆಲಸ.

2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮುಂದಿನ ಕೆಲವೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಬಂದವು. ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವ ಚಿಕ್ಕ ವಿಡಿಯೊ ಮನೆಮಾತಾಯಿತು. ಮನೆ ಮಾರುವವರೂ ಅದೇ ದಾರಿ ಹಿಡಿದರು. ಈಗ ಮಲ್ಲೇಶ್ವರದ ಮನೆಯೊಂದರ ರೀಲ್ ದುಬೈಯಲ್ಲಿರುವ ಮಗನಿಗೂ ನ್ಯೂಜೆರ್ಸಿಯಲ್ಲಿರುವ ಮಗಳಿಗೂ ಒಟ್ಟಿಗೇ ತಲುಪುತ್ತದೆ. ಬಂದು ನೋಡಲು ಆಗದವರಿಗೆ ಮನೆಯ ಮೊದಲ ಪರಿಚಯ ಆಗುವುದೇ ಇಲ್ಲಿ.

ಕಚ್ಚಾ ಸಾಮಗ್ರಿ

ಎಲ್ಲವೂ ಒಳ್ಳೆಯ ಫೋಟೊದಿಂದ ಶುರು. ಅನುಭವಿ ಛಾಯಾಗ್ರಾಹಕರು ಕ್ಯಾಮೆರಾವನ್ನು ನೆಲದಿಂದ ನಾಲ್ಕು-ನಾಲ್ಕೂವರೆ ಅಡಿ ಎತ್ತರದಲ್ಲಿ, ಮೇಲಕ್ಕೂ ಕೆಳಕ್ಕೂ ವಾಲದಂತೆ ನಿಲ್ಲಿಸುತ್ತಾರೆ. ಸ್ವಲ್ಪ ವಾಲಿದರೂ ಗೋಡೆ, ಬಾಗಿಲ ಚೌಕಟ್ಟು ಎಲ್ಲ ಓರೆಯಾಗಿ, ಮನೆ ಒಳಮುಖವಾಗಿ ಬೀಳುತ್ತಿರುವಂತೆ ಕಾಣುತ್ತದೆ. ಇನ್ನೊಂದು ತೊಡಕು ಕಿಟಕಿಯದು. ಕೋಣೆಗೆ ಹೊಂದುವ ಬೆಳಕಿಗೆ ಕ್ಯಾಮೆರಾ ಇಟ್ಟರೆ ಕಿಟಕಿಯಾಚೆ ಬರೀ ಬಿಳಿ. ಕಿಟಕಿಗೆ ಹೊಂದಿಸಿದರೆ ಕೋಣೆ ಕತ್ತಲು. ಅದಕ್ಕಾಗಿ ಕ್ಯಾಮೆರಾ ಕದಲಿಸದೆ ಒಂದೇ ದೃಶ್ಯವನ್ನು ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನಲ್ಲಿ ಮೂರು ಸಲ ತೆಗೆಯುತ್ತಾರೆ. ಇದಕ್ಕೆ ಬ್ರಾಕೆಟಿಂಗ್ ಎನ್ನುತ್ತಾರೆ. ಮೂರನ್ನೂ ಕಂಪ್ಯೂಟರಿನಲ್ಲಿ ಬೆರೆಸಿದಾಗ ಒಳಗಿನ ಸೋಫಾವೂ ಹೊರಗಿನ ತೆಂಗಿನಮರವೂ ಒಟ್ಟಿಗೆ ಕಾಣುತ್ತವೆ.

ಫೋಟೊ ಎಡಿಟರ್ ಕೈಸೇರುವ ದಾರಿಯೂ ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಹಿಗ್ಗಿಸಲು ಹೋದರೆ ಮಸುಕಾಗುತ್ತದೆ. ಹಾಗಾಗಿ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಬ್ರೋಕರ್‌ಗೆ ಹೇಳುವುದರಿಂದಲೇ ಎಷ್ಟೋ ಎಡಿಟರ್‌ಗಳ ಕೆಲಸ ಆರಂಭವಾಗುತ್ತದೆ.

ಯಾವುದರ ಹಿಂದೆ ಯಾವುದು

ಬಂದ ನಲವತ್ತು ಫೋಟೊಗಳಲ್ಲಿ ಹನ್ನೆರಡನ್ನು ಆರಿಸಬೇಕು. ಆರಿಸುವಾಗ ಎಡಿಟರ್ ಚಂದಕ್ಕಿಂತ ಹೆಚ್ಚಾಗಿ ನಂಟನ್ನು ಹುಡುಕುತ್ತಾರೆ. ಹಾಲ್‌ನ ಫೋಟೊದಲ್ಲಿ ಅಡುಗೆಮನೆಯ ಬಾಗಿಲು ಒಂದಿಷ್ಟು ಕಂಡರೆ ಅದು ಬಂಗಾರ, ಏಕೆಂದರೆ ಮುಂದಿನ ದೃಶ್ಯಕ್ಕೆ ಅಲ್ಲಿಂದಲೇ ದಾಟಬಹುದು. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ಮನೆಯವರು ಮನೆ ತೋರಿಸುವ ಒಂದು ಕ್ರಮ ಇದೆಯಲ್ಲ, ಗೇಟಿನಿಂದ ಹಾಲ್, ದೇವರ ಕೋಣೆ, ಅಡುಗೆಮನೆ, ಹಿಂದಿನ ಯುಟಿಲಿಟಿ, ಆಮೇಲೆ ಮೆಟ್ಟಿಲು ಹತ್ತಿ ಮೇಲಕ್ಕೆ, ಒಳ್ಳೆಯ ರೀಲ್‌ನ ಕ್ರಮವೂ ಅದೇ. ಸೊಗಸಾದ ಬೆಡ್‌ರೂಮನ್ನು ಮೊದಲೇ ತೋರಿಸಿ, ನಂತರ ಗೇಟಿಗೆ ಹಾರಿ, ಮತ್ತೆ ಅಡುಗೆಮನೆಗೆ ಬಂದರೆ ನೋಡುವವರ ಮನಸ್ಸಿನಲ್ಲಿ ಮನೆಯ ನಕ್ಷೆ ಮೂಡುವುದಿಲ್ಲ. ಕೋಣೆಗಳು ನೆನಪಿರುತ್ತವೆ, ಮನೆ ನೆನಪಿರುವುದಿಲ್ಲ. ಈ ಕಸುಬಿನ ಜಾಣ್ಮೆಯೆಲ್ಲ ಇರುವುದು ಕೋಣೆಗಳನ್ನು ಮತ್ತೆ ಮನೆಯಾಗಿಸುವುದರಲ್ಲಿ.

ಅಡ್ಡವನ್ನು ಉದ್ದ ಮಾಡುವುದು

ಮನೆಯ ಫೋಟೊಗಳು ಸಾಮಾನ್ಯವಾಗಿ ಅಡ್ಡಕ್ಕಿರುತ್ತವೆ, ಮೊಬೈಲ್ ಪರದೆ ಉದ್ದಕ್ಕಿರುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಗಲ 6000, ಎತ್ತರ 4000 ಪಿಕ್ಸೆಲ್. ರೀಲ್‌ನ ಅಳತೆ ಅಗಲ 1080, ಎತ್ತರ 1920 ಪಿಕ್ಸೆಲ್, ಅಂದರೆ 9ಕ್ಕೆ 16ರ ಪ್ರಮಾಣ. ಆ ಚಿತ್ರದ ಪೂರ್ತಿ ಎತ್ತರವನ್ನು ಉಳಿಸಿಕೊಂಡು ಉದ್ದದ ಚೌಕಟ್ಟು ಇಟ್ಟರೆ ಅಗಲದಲ್ಲಿ 2250 ಪಿಕ್ಸೆಲ್ ಮಾತ್ರ ದಕ್ಕುತ್ತದೆ. ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಚಿತ್ರ ಹೊರಗುಳಿಯುತ್ತದೆ.

ಇದು ನಷ್ಟದಂತೆ ಕಂಡರೂ ಚಲನೆಗೆ ಜಾಗ ಸಿಗುವುದು ಇದರಿಂದಲೇ. ಹೊರಗುಳಿದ ಆ ಭಾಗದ ಮೇಲೆ ಚೌಕಟ್ಟನ್ನು ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ನೋಡುವವರಿಗೆ ಹಾಲ್‌ನಲ್ಲಿ ನಿಂತು ತಲೆ ತಿರುಗಿಸಿದ ಅನುಭವ. ಎತ್ತರದಲ್ಲೂ ಬೇಕಾದ್ದಕ್ಕಿಂತ ಎರಡು ಪಟ್ಟು ಪಿಕ್ಸೆಲ್ ಇರುವುದರಿಂದ, ಸ್ಪಷ್ಟತೆ ಕೆಡದಂತೆ ಒಳಕ್ಕೆ ಸಾಗಲೂಬಹುದು.

ಸ್ಥಿರಚಿತ್ರದ ಮೇಲೆ ಕ್ಯಾಮೆರಾ ಓಡಿಸುವ ಈ ವಿಧಾನಕ್ಕೆ ದೊಡ್ಡ ಪರಂಪರೆಯಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1957ರಲ್ಲಿ ಹೊರತಂದ ‘ಸಿಟಿ ಆಫ್ ಗೋಲ್ಡ್’ ಸಾಕ್ಷ್ಯಚಿತ್ರ, ಚಿನ್ನದ ಬೇಟೆಯ ಕಾಲದ ಡಾಸನ್ ನಗರವನ್ನು ಹಳೆಯ ಫೋಟೊಗಳ ಮೂಲಕವೇ ಜೀವಂತವಾಗಿಸಿತ್ತು. ಅಮೆರಿಕದ ಕೆನ್ ಬರ್ನ್ಸ್ 1990ರ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಇದನ್ನು ಮನೆಮನೆಗೆ ತಲುಪಿಸಿದರು. ಆ್ಯಪಲ್ ಕಂಪನಿ ತನ್ನ ಐಮೂವಿ ತಂತ್ರಾಂಶಕ್ಕೆ ಇದನ್ನು ಸೇರಿಸಿಕೊಂಡಾಗ ಅವರ ಹೆಸರನ್ನೇ ಇಟ್ಟಿತು. ಎಡಿಟರ್‌ಗಳು ಇಂದಿಗೂ ಇದನ್ನು ಕರೆಯುವುದು ‘ಕೆನ್ ಬರ್ನ್ಸ್ ಎಫೆಕ್ಟ್’ ಎಂದೇ.

ಒಂದು ಚಿತ್ರದ 75 ಫ್ರೇಮು

ಒಂದೇ ಒಂದು ಫೋಟೊದ ಮೇಲೆ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡೋಣ. ಎರಡೂವರೆ ಸೆಕೆಂಡಿನ ಹಾಲ್ ದೃಶ್ಯ, ಸೆಕೆಂಡಿಗೆ 30 ಫ್ರೇಮಿನಂತೆ 75 ಫ್ರೇಮು. ಎಡಿಟರ್ ಮೊದಲ ಫ್ರೇಮಿನಲ್ಲಿ ಚಿತ್ರದ ಗಾತ್ರ ಶೇ 100 ಎಂದು ಗುರುತು ಹಾಕುತ್ತಾರೆ, ಕೊನೆಯದರಲ್ಲಿ ಶೇ 108 ಎಂದು. ಈ ಗುರುತುಗಳೇ ಕೀಫ್ರೇಮ್‌ಗಳು. ನಡುವಿನ ಫ್ರೇಮುಗಳನ್ನು ತಂತ್ರಾಂಶ ತಾನೇ ತುಂಬುತ್ತದೆ. ಒಂದೊಂದು ಫ್ರೇಮಿಗೆ ಚಿತ್ರ ದೊಡ್ಡದಾಗುವುದು ಸುಮಾರು ಶೇ 0.1ರಷ್ಟು ಮಾತ್ರ. ಇಷ್ಟು ನಿಧಾನವಿದ್ದರೆ ಕಣ್ಣಿಗೆ ಚಿತ್ರ ಹಿಗ್ಗುವುದು ಗೊತ್ತಾಗುವುದಿಲ್ಲ; ಹೆಜ್ಜೆಯಿಟ್ಟು ಒಳಗೆ ಬಂದಂತೆ ಅನ್ನಿಸುತ್ತದೆ. ಅದೇ ಹೊತ್ತಿನಲ್ಲಿ ಶೇ 130ಕ್ಕೆ ಏರಿಸಿದರೆ ಸೋಫಾ ಮೈಮೇಲೆ ಬಂದಂತಾಗುತ್ತದೆ.

ಎತ್ತ ಸಾಗಬೇಕು ಎಂಬುದನ್ನು ಮನೆಯೇ ಹೇಳುತ್ತದೆ. ಅಡುಗೆಮನೆಯ ಬಾಗಿಲು ಹಾಲ್‌ನ ಬಲಕ್ಕಿದ್ದರೆ ಚೌಕಟ್ಟು ಬಲಕ್ಕೇ ಸರಿಯಬೇಕು, ಅಡುಗೆಮನೆಯ ದೃಶ್ಯದಲ್ಲೂ ಆ ಸರಿಯುವಿಕೆ ಅದೇ ದಿಕ್ಕಿನಲ್ಲಿ, ಅದೇ ವೇಗದಲ್ಲಿ ಮುಂದುವರಿಯಬೇಕು. ಮೆಟ್ಟಿಲಿನ ಫೋಟೊದಲ್ಲಿ ಕೆಳಗಿನಿಂದ ಮೇಲಕ್ಕೆ. ಬಾಲ್ಕನಿಯಲ್ಲಿ ಕಟಕಟೆಯಿಂದ ಹೊರಗಿನ ಬೀದಿಯತ್ತ. ಪ್ರತಿ ಚಿತ್ರವೂ ನಿಂತು ಹೊರಟು, ಮತ್ತೆ ನಿಂತರೆ ನಡಿಗೆ ಕುಂಟುತ್ತದೆ. ಆದ್ದರಿಂದ ನಡುವಿನ ದೃಶ್ಯಗಳು ಚಲಿಸುತ್ತಲೇ ಶುರುವಾಗಿ, ಚಲಿಸುತ್ತಲೇ ಮುಗಿಯುತ್ತವೆ. ಮೆಲ್ಲನೆ ಹೊರಡುವುದು ಮೊದಲ ಚಿತ್ರದಲ್ಲಿ, ಮೆಲ್ಲನೆ ನಿಲ್ಲುವುದು ಕೊನೆಯ ಚಿತ್ರದಲ್ಲಿ ಮಾತ್ರ.

ಇನ್ನೂ ಸೂಕ್ಷ್ಮವಾದ ಕೆಲಸ ಪ್ಯಾರಲ್ಯಾಕ್ಸ್. ನಾವು ನಡೆಯುವಾಗ ಹತ್ತಿರದ ವಸ್ತು ಬೇಗ ಸರಿಯುತ್ತದೆ, ದೂರದ್ದು ನಿಧಾನವಾಗಿ. ಫೋಟೊದಲ್ಲಿ ಇದನ್ನು ತರಬೇಕಾದರೆ ಮುಂದಿರುವ ಊಟದ ಮೇಜನ್ನು ಹಿಂದಿನ ಗೋಡೆಯಿಂದ ಬಿಡಿಸಿ ಬೇರೆ ಪದರ ಮಾಡಬೇಕು. ಕುರ್ಚಿಯ ಕಾಲುಗಳ ನಡುವೆ, ಕಿಟಕಿಯ ಗ್ರಿಲ್ಲಿನ ಸಂದುಗಳಲ್ಲಿ ಅಂಚು ಹಿಡಿದು ಕತ್ತರಿಸುತ್ತ ಹೋಗಬೇಕು. ಮೇಜು ತೆಗೆದ ಜಾಗದಲ್ಲಿ ಗೋಡೆ, ನೆಲದ ಟೈಲ್ಸ್ ಗೆರೆಗಳನ್ನು ಸಾಲು ತಪ್ಪದಂತೆ ತುಂಬಬೇಕು. ಆಮೇಲೆ ಎರಡು ಪದರಗಳನ್ನೂ ಬೇರೆ ಬೇರೆ ವೇಗದಲ್ಲಿ ಸರಿಸಿದಾಗ ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ಎರಡೂವರೆ ಸೆಕೆಂಡಿನ ಈ ಆಳಕ್ಕೆ ಬಹಳ ಹೊತ್ತಿನ ಕೈಕೆಲಸ ಬೇಕು. ಅದಕ್ಕೇ ಒಂದು ರೀಲ್‌ನಲ್ಲಿ ಒಂದೆರಡು ಕಡೆ ಮಾತ್ರ ಇದನ್ನು ಬಳಸುತ್ತಾರೆ.

ತಾಳ ಮತ್ತು ಅಕ್ಷರ

ಎರಡೂವರೆ ಸೆಕೆಂಡು ಎಂಬ ಲೆಕ್ಕ ಬರುವುದು ಸಂಗೀತದಿಂದ. ನಿಮಿಷಕ್ಕೆ 96 ಬೀಟ್ ಇರುವ ಸಂಗೀತದಲ್ಲಿ ನಾಲ್ಕು ಬೀಟ್‌ಗೆ ಸರಿಯಾಗಿ ಎರಡೂವರೆ ಸೆಕೆಂಡು. ನಾಲ್ಕನೆಯದು ಮುಗಿದು ಹೊಸ ಬೀಟ್ ಬೀಳುವ ಫ್ರೇಮಿನಲ್ಲೇ ಚಿತ್ರ ಬದಲಾಗಬೇಕು. ಹನ್ನೆರಡು ಚಿತ್ರಕ್ಕೆ ಮೂವತ್ತು ಸೆಕೆಂಡು ತುಂಬುತ್ತದೆ. ಜನಪ್ರಿಯ ಹಾಡುಗಳನ್ನು ವ್ಯಾಪಾರದ ವಿಡಿಯೊಗೆ ಸುಮ್ಮನೆ ಹಾಕುವಂತಿಲ್ಲ. ವಾಣಿಜ್ಯ ಬಳಕೆಗೆ ಅನುಮತಿಯಿರುವ ಸಂಗೀತವನ್ನೇ ಹುಡುಕಬೇಕು. ಕನ್ನಡದಲ್ಲಿ ಹಿನ್ನೆಲೆ ಧ್ವನಿ ಇದ್ದರೆ ಮಾತು ಐವತ್ತು-ಅರವತ್ತು ಪದದೊಳಗೆ ಮುಗಿಯಬೇಕು, ಇಲ್ಲವಾದರೆ ಓದುವವರು ಓಡಬೇಕಾಗುತ್ತದೆ.

ಬಸ್ಸಿನಲ್ಲೋ ಆಫೀಸಿನಲ್ಲೋ ಧ್ವನಿ ಮ್ಯೂಟ್ ಮಾಡಿ ನೋಡುವವರು ಬಹಳ. ಅವರಿಗಾಗಿ ಪರದೆಯ ಮೇಲೆ ಅಕ್ಷರ: 30×40 ಸೈಟು, ಪೂರ್ವಾಭಿಮುಖ, 3 ಬಿಎಚ್‌ಕೆ, ಕಾವೇರಿ ನೀರು, ಎ ಖಾತಾ. ಒಂದು ಚಿತ್ರಕ್ಕೆ ಒಂದೇ ಸಂಗತಿ. ರೀಲ್‌ನ ಕೆಳಭಾಗದಲ್ಲಿ ಖಾತೆಯ ಹೆಸರು, ಬಲಬದಿಯಲ್ಲಿ ಲೈಕ್, ಶೇರ್ ಗುರುತುಗಳು ಬಂದು ಕೂರುವುದರಿಂದ ಆ ಜಾಗಗಳನ್ನು ಬಿಟ್ಟು ಬರೆಯಬೇಕು. ಕನ್ನಡಕ್ಕೆ ಇನ್ನಷ್ಟು ಎಚ್ಚರ ಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಹಾಗಾಗಿ ಸಾಲುಗಳ ನಡುವೆ ಹೆಚ್ಚು ಅಂತರ ಬಿಡಬೇಕು. ತೆಳುವಾದ ಫಾಂಟ್‌ನಲ್ಲಿ ಅವು ಮೊಬೈಲಿನಲ್ಲಿ ಕಾಣದೇ ಹೋಗುತ್ತವೆ. ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗೆಂದೇ ಇರುವ ಸೆಟ್ಟಿಂಗ್ ಆರಿಸದಿದ್ದರೆ ಒತ್ತು ಕಳಚಿಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ‘ವಿಸ್ತೀರ್ಣ’ ಎಂಬ ಪದದ ಒತ್ತಕ್ಷರವೂ ಅರ್ಕಾವೊತ್ತೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿವೆಯೇ ಎಂದು ನೋಡಿದರೆ, ಆ ಎಡಿಟರ್ ಕನ್ನಡದಲ್ಲಿ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆಂದು ತಿಳಿಯುತ್ತದೆ.

ಏನನ್ನು ಅಳಿಸಬಹುದು, ಏನನ್ನು ಕೂಡದು

ಕೊನೆಯ ಸುತ್ತಿನಲ್ಲಿ ಎಡಿಟರ್ ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ಪರೀಕ್ಷಿಸುತ್ತಾರೆ. ಗೇಟಿನ ನಾಮಫಲಕ, ಕಾರಿನ ನಂಬರ್ ಪ್ಲೇಟ್, ಮೀಟರ್ ಬೋರ್ಡಿನ ಮೇಲೆ ಬರೆದಿರುವ ಆರ್‌ಆರ್ ನಂಬರ್, ಗೋಡೆಯ ಮೇಲಿನ ಕುಟುಂಬದ ಫೋಟೊ ಇವೆಲ್ಲ ಮಸುಕಾಗಬೇಕು. ಅದು ಮನೆಯಲ್ಲಿರುವವರ ಖಾಸಗಿತನಕ್ಕೆ ತೋರಿಸುವ ಗೌರವ. ಆದರೆ ಸೀಲಿಂಗಿನ ಮೇಲಿರುವ ನೀರು ಸೋರಿದ ಕಲೆಯನ್ನು ಅಳಿಸುವುದಾಗಲಿ, ಬಾಲ್ಕನಿಯ ಮುಂದಿರುವ ವಿದ್ಯುತ್ ಕಂಬವನ್ನು ಮಾಯ ಮಾಡುವುದಾಗಲಿ ಕೂಡದು. ಹೆಸರು, ನಂಬರ್ ಮಸುಕು ಮಾಡುವುದರಿಂದ ಯಾರಿಗೂ ಮೋಸವಿಲ್ಲ. ಮನೆಯ ಕುಂದನ್ನು ಅಳಿಸುವುದರಿಂದ ಕೊಳ್ಳುವವರಿಗೆ ಮೋಸ.

ಫೋಟೊ ಕೊಟ್ಟರೆ ತಾನೇ ವಿಡಿಯೊ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಬಂದಿವೆ. ಕೆಲಸ ಹಗುರವಾಗಿದೆ, ನಿಜ. ಆದರೆ ಕ್ಯಾಮೆರಾ ತಿರುಗಿದಂತೆ ತೋರಿಸಲು ಅವು ಫೋಟೊದಲ್ಲಿ ಇಲ್ಲದ ಮೂಲೆಯನ್ನು ಊಹಿಸಿ ಚಿತ್ರಿಸುತ್ತವೆ. ಆ ಊಹೆಯಲ್ಲಿ ಇಲ್ಲದ ಕಿಟಕಿ ಹುಟ್ಟಬಹುದು, ಇರುವ ಕಂಬ ಕರಗಬಹುದು. ಇಂಥ ಪ್ರತಿ ಫ್ರೇಮನ್ನೂ ಮೂಲ ಫೋಟೊದ ಪಕ್ಕದಲ್ಲಿಟ್ಟು ತಾಳೆ ನೋಡುವ ಕಣ್ಣು ಮನುಷ್ಯನದೇ ಆಗಬೇಕು.

ಕಾನೂನೂ ಇಲ್ಲಿ ಜೊತೆಗಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ (ರೇರಾ) ಪ್ರಕಾರ, ನೋಂದಣಿ ಕಡ್ಡಾಯವಿರುವ ಹೊಸ ಯೋಜನೆಯನ್ನು ನೋಂದಾಯಿಸುವ ಮೊದಲು ಬಿಲ್ಡರ್ ಜಾಹೀರಾತು ಮಾಡುವಂತಿಲ್ಲ. ಮಾಡಿದಾಗ ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಮತ್ತು ನೋಂದಣಿ ಸಂಖ್ಯೆ ಅದರಲ್ಲಿ ಎದ್ದು ಕಾಣಬೇಕು. ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕಟ್ಟಿ ನಷ್ಟ ಅನುಭವಿಸಿದವರಿಗೆ ಪರಿಹಾರ ಕೇಳುವ ಹಕ್ಕಿದೆ. ಹಾಗಾಗಿ ಹೊಸ ಫ್ಲ್ಯಾಟಿನ ರೀಲ್ ಮಾಡುವ ಎಡಿಟರ್ ನೋಂದಣಿ ಸಂಖ್ಯೆಯನ್ನು ಓದುವಷ್ಟು ದೊಡ್ಡದಾಗಿ, ಓದುವಷ್ಟು ಹೊತ್ತು ನಿಲ್ಲಿಸುತ್ತಾರೆ.

ರೀಲ್‌ಗೆ ಎಷ್ಟು ಲೈಕ್ ಬಂತು ಎಂಬುದನ್ನು ಎಲ್ಲರೂ ಎಣಿಸುತ್ತಾರೆ. ಕಸುಬು ಬಲ್ಲವರ ಅಳತೆ ಬೇರೆ. ರೀಲ್ ನೋಡಿ ಮನೆ ನೋಡಲು ಬಂದವರು ಯಾರನ್ನೂ ಕೇಳದೆ ಹಾಲ್ ದಾಟಿ ಬಲಕ್ಕೆ ತಿರುಗಿ ಅಡುಗೆಮನೆಗೆ ಹೋದರೆ, ಫೋನಿನಲ್ಲಿ ಕಂಡಷ್ಟೇ ಅಗಲ, ಕಂಡಷ್ಟೇ ಬೆಳಕು ಅಲ್ಲಿದ್ದರೆ, ಆ ಮೂವತ್ತು ಸೆಕೆಂಡಿನ ಕೆಲಸ ಚೆನ್ನಾಗಿ ಆಗಿದೆ ಎಂದೇ ಅರ್ಥ.