ಸೊಳ್ಳೆಯಿಂದುಂಟಾಗುವ ಜ್ವರಗಳೂ ಅವುಗಳ ನಿವಾರಣೆಯೂ

ಈ ಸ್ಮರಣಸಂಚಿಕೆಯನ್ನು ಓದುವವರಲ್ಲಿ ಬಹುಮಂದಿ ನಮ್ಮ ಪಾಠಶಾಲೆಯಲ್ಲಿಯೇ ವಿದ್ಯೆ ಕಲಿತು ಈಗ ತಮ್ಮ ತಮ್ಮ ಮನೆವಾರ್ತೆಯನ್ನು ನಡೆಯಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರು. ಉಳಿದವರು ತಮ್ಮ ಹೆಣ್ಣುಮಕ್ಕಳನ್ನು ನಂಬಿಕೆಯಿಂದ ನಮ್ಮ ವಶಕ್ಕೆ ಒಪ್ಪಿಸಿರುವ ತಂದೆತಾಯಿಗಳು. ಇವರೆಲ್ಲರಿಗೂ ಪ್ರಯೋಜನವಾಗುವ ವಿಷಯ ಯಾವುದೆಂದು ಆಲೋಚಿಸುತ್ತಾ ಹಾಜರಿಪುಸ್ತಕವನ್ನು ತಿರುವಿ ಹಾಕಿದೆವು. ಮಳೆಗಾಲವು ಹಿಂದೆಗೆಯುವ ತಿಂಗಳುಗಳಲ್ಲಿ ಜ್ವರದ ನಿಮಿತ್ತ ಬಾರದೆ ಉಳಿದ ಹುಡುಗಿಯರ ಹೆಸರುಗಳನ್ನು ಕಂಡಾಗ, ಸೊಳ್ಳೆಯ ವಿಷಯವನ್ನೇ ಬರೆಯುವುದು ಯುಕ್ತವೆಂದು ತೋರಿತು. ವಾರ್ಷಿಕ ಪರೀಕ್ಷೆಯ ವರ್ಷದಲ್ಲಿ ಒಂದು ತಿಂಗಳ ಜ್ವರವು ಒಬ್ಬ ಬಾಲಿಕೆಯ ವ್ಯಾಸಂಗವನ್ನೇ ನಿಲ್ಲಿಸಿಬಿಡಬಹುದೆಂಬುದನ್ನು ಉಪಾಧ್ಯಾಯಿನಿಯರಾದ ನಾವು ಬಲ್ಲೆವು.

ಹಂಪಸಾಗರದ ಸೀಮೆಗೆ ಒಂದು ವಿಶೇಷವಿದೆ. 1945ರಲ್ಲಿ ಕಟ್ಟಲಾರಂಭಿಸಿ 1953ರಲ್ಲಿ ಮುಗಿದ ಅಣೆಕಟ್ಟಿನಿಂದ ತುಂಗಭದ್ರೆಯ ಹಿನ್ನೀರು ಒಂದು ಕಡೆ ನಮ್ಮನ್ನು ಬಳಸಿಕೊಂಡಿದೆ. ಮತ್ತೊಂದು ಕಡೆ ಮಳೆ ಸಾಲದ ಕೂಡ್ಲಿಗಿ, ಕೊಟ್ಟೂರುಗಳ ಬಯಲು. ಹಿನ್ನೀರು ಇಳಿದಾಗ ತಗ್ಗುಗಳಲ್ಲಿ ನೀರು ನಿಲ್ಲುವುದು. ನೀರು ಸಾಲದ ಊರಲ್ಲಿ ಜನರು ತೊಟ್ಟಿ, ಹಂಡೆ, ಡ್ರಮ್ಮುಗಳಲ್ಲಿ ತುಂಬಿಡುವರು. ಹೀಗೆ ನೀರು ಹೆಚ್ಚಾದರೂ ಸೊಳ್ಳೆ, ಕಡಿಮೆಯಾದರೂ ಸೊಳ್ಳೆ. ಆದರೆ ಅವೆರಡೂ ಒಂದೇ ಸೊಳ್ಳೆಯಲ್ಲ. ಈ ರೋಗಗಳ ವಿಷಯವಾಗಿ ವಿದ್ವಾಂಸರು ನೂರಿಪ್ಪತ್ತು ವರ್ಷಗಳಿಂದ ಮಾಡಿರುವ ಸಂಶೋಧನೆಗಳ ಬಹುಭಾಗವು, ಯಾವ ನೀರಿನಲ್ಲಿ ಯಾವ ಸೊಳ್ಳೆ ಹುಟ್ಟುವುದೆಂಬುದನ್ನು ಅರಿಯುವುದೇ ಆಗಿದೆ.

ಈ ಶೋಧನೆಯ ಮೊದಲ ಹೆಜ್ಜೆಯೊಂದು ನಮ್ಮ ನಾಡಿನಲ್ಲಿಯೇ ಮೂಡಿತೆಂಬುದು ಹಲವರಿಗೆ ತಿಳಿಯದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯನು ಬೆಂಗಳೂರಿನ ದಂಡಿಗೆ ಬಂದನು. ಇತರರ ಮನೆಗಳಿಗಿಂತ ತನ್ನ ಕೋಣೆಯಲ್ಲಿ ಸೊಳ್ಳೆ ಹೆಚ್ಚಾಗಿರುವುದನ್ನು ಕಂಡು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ತುಂಬಿದ್ದವು. ಪೀಪಾಯಿಯನ್ನು ಬೋರಲು ಹಾಕಿಸಿದೊಡನೆ ಕಾಟ ತಗ್ಗಿತು. ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವುಂಟೆಂದು ಆತನಿಗೆ ಆಗ ತಿಳಿದಿರಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, 1897ನೆಯ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಹುಸೇನ್ ಖಾನನೆಂಬ ರೋಗಿಯನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಅಣುಜೀವಿಯನ್ನು ಆತನು ಕಂಡನು. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಆ ರೋಗಿಗೆ ಒಂದೊಂದಾಣೆ ಕೊಡಲಾಗುತ್ತಿತ್ತಂತೆ. ರಾಸನಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹುಸೇನ್ ಖಾನನಂತಹವರ ಹೆಸರನ್ನು ಪಾಠಪುಸ್ತಕಗಳು ಮರೆಯುತ್ತವೆಯಾದುದರಿಂದ ಇಲ್ಲಿ ಹೇಳಿದ್ದೇವೆ.

ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲೀಸ್ ಎಂಬ ಜಾತಿ ಮಾತ್ರವೇ ಎಂದು ಇಟಲಿಯ ಗ್ರಾಸಿ ಮೊದಲಾದವರು 1898ರಲ್ಲಿ ಸ್ಥಾಪಿಸಿದರು. ಈ ಜಾತಿಯನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ಮೇಲಿನ ತರಗತಿಯ ಹುಡುಗಿಯರು ಗಾಜಿನ ಶೀಶೆಯಲ್ಲಿ ನೀರನ್ನು ಹಿಡಿದು ತಂದು ಮಾಡಬಲ್ಲರು. ಅನಾಫಿಲೀಸಿನ ಮರಿಹುಳುವು ನೀರಿನ ಮೇಲ್ಭಾಗಕ್ಕೆ ಸಮನಾಗಿ ಚಾಚಿಕೊಂಡು ಮಲಗಿರುವುದು. ಕ್ಯೂಲೆಕ್ಸ್ ಮತ್ತು ಈಡಿಸ್ ಜಾತಿಗಳ ಹುಳುಗಳು ಬಾಲದ ಬಳಿಯ ಉಸಿರುನಳಿಗೆಯನ್ನು ಮೇಲಕ್ಕೆ ತಾಗಿಸಿ ತಲೆ ಕೆಳಗಾಗಿ ತೂಗಾಡುವುವು. ಬೆಳೆದ ಸೊಳ್ಳೆಯಲ್ಲಿಯಾದರೋ, ಗೋಡೆಯ ಮೇಲೆ ಹಿಂಭಾಗವನ್ನೆತ್ತಿ ಓರೆಯಾಗಿ ಕೂತದ್ದು ಅನಾಫಿಲೀಸ್. ಶೀಶೆಗೆ ಬಟ್ಟೆ ಕಟ್ಟುವುದನ್ನು ಮಾತ್ರ ಮರೆಯಬಾರದು.

ಆದರೆ ಅನಾಫಿಲೀಸಿನೊಳಗೂ ಬಗೆಗಳುಂಟು. ಮಲೆನಾಡಿನಲ್ಲಿ ಹರಿಯುವ ತೊರೆಯ ಅಂಚನ್ನು ಆಶ್ರಯಿಸುವುದು ಫ್ಲೂವಿಯಾಟಿಲಿಸ್. ನಮ್ಮಂತಹ ಬಯಲಿನಲ್ಲಿ ಬಾವಿ, ಕಾಲುವೆ, ನದೀಪಾತ್ರದ ಗುಂಡಿಗಳನ್ನು ಆಶ್ರಯಿಸುವುದು ಕ್ಯೂಲಿಸಿಫೇಸೀಸ್. ಪಟ್ಟಣಗಳ ಮನೆತೊಟ್ಟಿ, ಮಾಳಿಗೆಯ ಮೇಲಣ ನೀರಿನ ಟ್ಯಾಂಕಿಗಳನ್ನು ಆಶ್ರಯಿಸುವುದು ಸ್ಟಿಫೆನ್ಸೈ. ಇದನ್ನು ತಿಳಿಯುವುದಕ್ಕಾಗಿಯೇ ಮೈಸೂರು ಸಂಸ್ಥಾನದವರು 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಅಧ್ಯಯನಕೇಂದ್ರಗಳನ್ನು ತೆರೆದರು. ಅಲ್ಲಿಯ ಕಾರ್ಯದಲ್ಲಿ ತೊಡಗಿದ್ದ ಸ್ವೀಟ್ ಮತ್ತು ರಾವ್ ಎಂಬ ವೈದ್ಯರು ಸ್ಟಿಫೆನ್ಸೈ ಸೊಳ್ಳೆಯ ಮೊಟ್ಟೆಯ ಪಕ್ಕದಲ್ಲಿರುವ ತೇಲುಬುರುಡೆಯ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಗೆರೆ ಕಡಿಮೆಯುಳ್ಳ ಪ್ರಭೇದವೊಂದಕ್ಕೆ 1937ರಲ್ಲಿ ‘ಮೈಸೂರೆನ್ಸಿಸ್’ ಎಂದು ಹೆಸರಿಟ್ಟರು. ಮೊಟ್ಟೆಯ ಗೆರೆ ಎಣಿಸುವುದು ಕೆಲಸವಿಲ್ಲದವರ ಕೆಲಸವೆಂದು ನಗುವವರುಂಟು. ಆದರೆ ಇದೇ ಸ್ಟಿಫೆನ್ಸೈ ಸೊಳ್ಳೆಯು 2012ರಲ್ಲಿ ಆಫ್ರಿಕಾ ಖಂಡದ ಜಿಬೂತಿಯಲ್ಲಿಯೂ ಬಳಿಕ ಇಥಿಯೋಪಿಯದಲ್ಲಿಯೂ ಕಾಣಿಸಿಕೊಂಡು, ಅಲ್ಲಿಯ ಪಟ್ಟಣಗಳಿಗೂ ಮಲೇರಿಯಾದ ಭೀತಿಯನ್ನು ಒಡ್ಡಿದಾಗ, ಈ ಸೊಳ್ಳೆಯ ಪ್ರಭೇದಗಳ ಚರ್ಚೆಯು ಮತ್ತೆ ಎದ್ದಿತು.

ನೀರಾವರಿಯು ಅನ್ನವನ್ನು ಕೊಡುವುದು. ಎಚ್ಚರ ತಪ್ಪಿದರೆ ಜ್ವರವನ್ನೂ ಕೊಡುವುದು. ಇಂದು ವಿಶ್ವೇಶ್ವರಯ್ಯ ನಾಲೆಯೆನ್ನಿಸುವ ಇರ್ವಿನ್ ನಾಲೆಯ ನೀರು ಮಂಡ್ಯದ ಸೀಮೆಗೆ ಹರಿದ ಮೇಲೆ, 1930ರ ದಶಕದಲ್ಲಿ, ಅಲ್ಲಿ ಮಲೇರಿಯಾ ಹೆಚ್ಚಿತು. ಆ ಕಾಲದಲ್ಲಿ ಕೊಯಿನಾ, ನೀರಿನ ಮೇಲೆ ಎಣ್ಣೆ, ಪ್ಯಾರಿಸ್ ಗ್ರೀನ್ ಎಂಬ ವಿಷದ ಪುಡಿ, ಇವೇ ಉಪಾಯಗಳು. ಡಿ.ಡಿ.ಟಿ.ಯು ಕೀಟಗಳನ್ನು ಕೊಲ್ಲುವುದೆಂದು 1939ರಲ್ಲಿ ತಿಳಿದ ಮೇಲೆ ಎಲ್ಲವೂ ಬದಲಾಯಿತು. ಧಾರವಾಡ ಮತ್ತು ಕನ್ನಡ ಜಿಲ್ಲೆಗಳಲ್ಲಿ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರು 1940ರ ದಶಕದ ನಡುವಿನಲ್ಲಿ ಮನೆಗಳ ಗೋಡೆಗಳಿಗೆ ಅದನ್ನು ಸಿಂಪಡಿಸಿ ತೋರಿಸಿದ ಫಲವು ದೇಶಕ್ಕೆಲ್ಲ ಮಾದರಿಯಾಯಿತು. 1947ರಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾಗಿ, 1965ರ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು.

ಮುಂದೆ ನಡೆದುದನ್ನು ತಾಯಂದಿರು ಗಮನವಿಟ್ಟು ಓದಬೇಕು. ರೋಗವು ಹೋಯಿತೆಂದು ಎಲ್ಲರೂ ನೆಮ್ಮದಿಗೊಂಡರು, ಸಿಂಪಡಿಸುವುದು ಸಡಿಲವಾಯಿತು, ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವುದನ್ನು ಕಲಿತವು. 1976ರಲ್ಲಿ ದೇಶದಲ್ಲಿ 64 ಲಕ್ಷ ಜನರಿಗೆ ಮಲೇರಿಯಾ ಬಂದಿತು. ಸಿಂಹಳದ ಕಥೆ ಇದಕ್ಕಿಂತ ವಿಚಿತ್ರ: 1963ರಲ್ಲಿ ಇಡೀ ದ್ವೀಪದಲ್ಲಿ 17 ರೋಗಿಗಳು ಮಾತ್ರ ಇದ್ದರು, ಐದಾರು ವರ್ಷಗಳೊಳಗೆ ಲಕ್ಷಾಂತರ ಜನರು ಹಾಸಿಗೆ ಹಿಡಿದರು. ಅದೇ ದೇಶವು ಮತ್ತೆ ಶ್ರಮಪಟ್ಟು 2016ರಲ್ಲಿ ಮಲೇರಿಯಾಮುಕ್ತವೆಂಬ ಮನ್ನಣೆಯನ್ನು ಪಡೆಯಿತೆಂಬುದನ್ನೂ ಹೇಳಬೇಕು.

ವಿಷವೊಂದನ್ನೇ ನಂಬಬಾರದೆಂದು ಕಲಿತ ಮೇಲೆ ನಡೆದ ಪರೀಕ್ಷೆಗಳಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದದ್ದು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಣ ಹಳ್ಳಿಗಳದು. 1990ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಲೇರಿಯಾ ಕೇಂದ್ರದವರು ಅಲ್ಲಿ ಊರೂರು ತಿರುಗಿ ಬಾವಿ, ಹಳ್ಳ, ಕುಂಟೆಗಳ ಹುಳುಗಳನ್ನು ಹಿಡಿದು ಪರೀಕ್ಷಿಸಿದರು. ಕ್ಯೂಲಿಸಿಫೇಸೀಸ್ ಎಂಬುದು ನೋಟಕ್ಕೆ ಒಂದೇ ಆದರೂ ಅದರಲ್ಲಿ ಅಕ್ಕತಂಗಿಯರಂತಿರುವ ಐದು ಪ್ರಭೇದಗಳಿವೆ. ಅವುಗಳಲ್ಲಿ ರೋಗವನ್ನು ಹರಡುವ ‘ಎ’ ಪ್ರಭೇದವು ಆ ಹಳ್ಳಿಗಳಲ್ಲಿ ಬಾವಿಗಳಲ್ಲಿ ಹುಟ್ಟುತ್ತಿತ್ತು. ಅಷ್ಟೇನೂ ಕೇಡು ಮಾಡದ ‘ಬಿ’ ಪ್ರಭೇದವು ಹಳ್ಳಗಳಲ್ಲಿ ಹುಟ್ಟುತ್ತಿತ್ತು. ಹಾಗಾದರೆ ಬಾವಿಯನ್ನು ಕಾದರೆ ಸಾಕಷ್ಟೆ! ಬಾವಿಗಳಿಗೆ ಗಪ್ಪಿ ಎಂಬ ಸಣ್ಣ ಮೀನನ್ನು ಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಮಲೇರಿಯಾ ಇಲ್ಲವೆಂಬಷ್ಟಕ್ಕೆ ಇಳಿಯಿತು. ಕಲಾಜಾಥಾದವರು ಹಾಡಿ ಕುಣಿದು ಹಳ್ಳಿಯವರಿಗೆ ಇದರ ತಿಳಿವಳಿಕೆಯನ್ನು ಕೊಟ್ಟದ್ದೂ ಉಂಟು. 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ಬಂದ ಗ್ಯಾಂಬೂಸಿಯ ಮೀನೂ ಹುಳುಗಳನ್ನು ತಿನ್ನುವುದು; ಆದರೆ ಅದು ನಾಡಮೀನುಗಳ ಮರಿಗಳನ್ನೂ ಬಿಡದು. ಆದಕಾರಣ ಈ ಪರದೇಶದ ಮೀನುಗಳನ್ನು ತುಂಗಭದ್ರೆಗಾಗಲಿ ಕೆರೆಗಳಿಗಾಗಲಿ ಯಾರೂ ತಾವಾಗಿ ಬಿಡಬಾರದು.

ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ ಮತ್ತು ಬೆಳ್ಳಕ್ಕಿಗಳಿಂದ ಮಕ್ಕಳಿಗೆ ಜಪಾನೀ ಮಿದುಳುಜ್ವರವನ್ನು ತರುವುವು. ಇದಕ್ಕೆ ಲಸಿಕೆಯುಂಟು. 2006ರಲ್ಲಿ ದೇಶದಲ್ಲಿ ಮಕ್ಕಳಿಗೆ ಸಾಮೂಹಿಕವಾಗಿ ಇದನ್ನು ಹಾಕಿಸಲು ಆರಿಸಿದ ಜಿಲ್ಲೆಗಳಲ್ಲಿ ನಾವು ಆಗ ಸೇರಿದ್ದ ಬಳ್ಳಾರಿಯೂ ಒಂದು. ಕೋಲಾರದ ರೋಗಿಯೊಬ್ಬರಿಂದ ದೊರೆತ ವೈರಾಣುವಿನಿಂದಲೇ ಸ್ವದೇಶೀ ಲಸಿಕೆಯು ಸಿದ್ಧವಾಗಿ 2013ರಲ್ಲಿ ಬಳಕೆಗೆ ಬಂದಿತು.

ಇನ್ನು ಮನೆಯ ಸೊಳ್ಳೆ. ಡೆಂಗಿ ಮತ್ತು ಚಿಕೂನ್‌ಗುನ್ಯಗಳನ್ನು ಹರಡುವ ಈಡಿಸ್ ಈಜಿಪ್ಟೈ ಎಂಬುದು ಬಿಳಿಯ ಪಟ್ಟೆಗಳ ಕಾಲುಳ್ಳ, ಹಗಲಿನಲ್ಲಿ ಕಚ್ಚುವ ಜೀವಿ. 2006ರಲ್ಲಿ ಕರ್ನಾಟಕವೊಂದರಲ್ಲಿಯೇ 7 ಲಕ್ಷಕ್ಕೂ ಮೇಲ್ಪಟ್ಟು ಜನರು ಚಿಕೂನ್‌ಗುನ್ಯದ ಶಂಕೆಗೆ ಒಳಗಾದರು. ಕೀಲುನೋವಿನಿಂದ ತಿಂಗಳುಗಟ್ಟಲೆ ನರಳಿದವರನ್ನು ನೀವು ನೆನೆಯಬಲ್ಲಿರಿ. ಈ ಸೊಳ್ಳೆಯು ಮನೆಯ ಸ್ವಚ್ಛವಾದ ನೀರಿನಲ್ಲಿ, ಪಾತ್ರೆಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಮೊಟ್ಟೆಗಳನ್ನು ಅಂಟಿಸುವುದು. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದೊಡನೆ ಒಡೆಯುವುವು. ಆದಕಾರಣ ನೀರನ್ನು ಚೆಲ್ಲಿದರೆ ಸಾಲದು. ತೊಟ್ಟಿ, ಹರವಿ, ಡ್ರಮ್ಮುಗಳ ಒಳಮೈಯನ್ನು ವಾರಕ್ಕೊಮ್ಮೆ ನಾರಿನಿಂದ ಗಸಗಸನೆ ಉಜ್ಜಬೇಕು. ವಾರಕ್ಕೊಮ್ಮೆ ಏಕೆಂದರೆ, ನಮ್ಮ ಬಿಸಿಲಿನಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಏಳೆಂಟು ದಿನಗಳು ಹಿಡಿಯುವುವು. ನಲ್ಲಿಯಲ್ಲಿ ನೀರು ಯಾವ ದಿನ ಬರುವುದೋ ತಿಳಿಯದ ಊರಿನಲ್ಲಿ ‘ನೀರು ತುಂಬಿಡಬೇಡಿರಿ’ ಎಂದು ಉಪದೇಶಿಸುವುದು ಸುಲಭ, ನಡೆಯುವುದು ಕಷ್ಟ. ಬಟ್ಟೆ ಬಿಗಿದು ಮುಚ್ಚುವುದಂತೂ ಎಲ್ಲರ ಕೈಯಳತೆಯಲ್ಲಿದೆ. ವೋಲ್ಬಾಕಿಯ ಎಂಬ ಸೂಕ್ಷ್ಮಜೀವಿಯನ್ನು ಈ ಸೊಳ್ಳೆಯೊಳಗೆ ಸೇರಿಸಿ ಡೆಂಗಿಯ ಹರಡುವಿಕೆಯನ್ನೇ ತಡೆಯುವ ಪರೀಕ್ಷೆಯು ಇಂಡೊನೇಷ್ಯದ ಯೋಗ್ಯಕರ್ತ ಪಟ್ಟಣದಲ್ಲಿ ನಡೆದು, ರೋಗವು ನೂರಕ್ಕೆ 77ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಅದು ನಮ್ಮೂರಿಗೆ ಬರುವ ತನಕ ನಾರೇ ಗತಿ.

ನಿಯಂತ್ರಣ, ನಿವಾರಣೆ, ನಿರ್ಮೂಲನ ಎಂಬ ಮೂರು ಮಾತುಗಳನ್ನು ಪತ್ರಿಕೆಗಳು ಬೆರಸಿ ಬಳಸುತ್ತವೆ. ರೋಗವನ್ನು ತಗ್ಗಿಸಿಡುವುದು ನಿಯಂತ್ರಣ. ಒಂದು ದೇಶದೊಳಗೆ ಅದು ಒಬ್ಬರಿಂದೊಬ್ಬರಿಗೆ ಹರಡದಂತಾಗುವುದು ನಿವಾರಣೆ. ಲೋಕದಲ್ಲಿಯೇ ಇಲ್ಲದಂತಾಗುವುದು ನಿರ್ಮೂಲನ. ಮೂರು ವರ್ಷಗಳ ಕಾಲ ಸ್ಥಳೀಯವಾಗಿ ಒಬ್ಬರಿಗೂ ಮಲೇರಿಯಾ ಹರಡಲಿಲ್ಲವೆಂದು ತೋರಿಸಿದ ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಮನ್ನಣೆ ಕೊಡುವುದು. ಭಾರತವು 2030ರೊಳಗೆ ಈ ನಿವಾರಣೆಯನ್ನು ಸಾಧಿಸಬೇಕೆಂದು 2016ರಲ್ಲಿ ಗುರಿಯಿಟ್ಟುಕೊಂಡಿತು. 2000ದಲ್ಲಿ ಸುಮಾರು 20 ಲಕ್ಷವಿದ್ದ ರೋಗಿಗಳ ಲೆಕ್ಕವು 2020ರಲ್ಲಿ 2 ಲಕ್ಷಕ್ಕಿಂತ ಕೆಳಗಿಳಿಯಿತು.

ಸಂಖ್ಯೆಯು ಇಳಿದಷ್ಟೂ ಒಂದೊಂದು ಜ್ವರದ ಬೆಲೆಯು ಏರುವುದು. ಕಡೆಯ ಹತ್ತು ರೋಗಿಗಳನ್ನು ಕಂಡುಹಿಡಿಯುವುದು ಮೊದಲ ಹತ್ತು ಸಾವಿರಕ್ಕಿಂತ ಕಷ್ಟ. ಮಗಳಿಗೆ ಚಳಿಯೊಡನೆ ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿ ಸುಮ್ಮನಾಗದೆ, ರಕ್ತವನ್ನು ಪರೀಕ್ಷೆ ಮಾಡಿಸಿರಿ. ಸರ್ಕಾರದ ಆರೋಗ್ಯಕೇಂದ್ರದಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಮನೆಯ ಬಾಗಿಲಿಗೆ ಬಂದು ಬೆರಳು ಚುಚ್ಚುವ ಆಶಾ ಕಾರ್ಯಕರ್ತೆಯನ್ನು ಗದರಿಸಿ ಕಳುಹಿಸಬೇಡಿರಿ. ಅವರಲ್ಲಿ ಕೆಲವರು ನಿಮ್ಮ ಜೊತೆಯಲ್ಲಿಯೇ ಬೆಂಚಿನ ಮೇಲೆ ಕೂತು ಓದಿದವರಾಗಿರಬಹುದು. ವೈವಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಅಣುಜೀವಿಯು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕ ಪುನಃ ತಲೆಯೆತ್ತುವುದು. ಅದನ್ನು ಅಲ್ಲಿಯೇ ಕೊಲ್ಲುವುದಕ್ಕಾಗಿ ವೈದ್ಯರು ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುವರು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಕೂಡದಾದುದರಿಂದ ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಮೂರನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವುದು ನಮ್ಮ ಕಡೆಯ ವಾಡಿಕೆ. ವಸತಿನಿಲಯದಲ್ಲಿ ಔಷಧವು ಮುಗಿಯದೆ ಊರಿಗೆ ಹೊರಡುವ ಬಾಲಿಕೆಯರ ಪೆಟ್ಟಿಗೆಯಲ್ಲಿ, ಇನ್ನೆಷ್ಟು ದಿನ ನುಂಗಬೇಕೆಂಬುದನ್ನು ಬರೆದ ಚೀಟಿಯನ್ನು ಮೇಟ್ರನ್ ಅಮ್ಮನವರು ಇಟ್ಟು ಕಳುಹಿಸುತ್ತಾರೆ. ತಾಯಂದಿರು ಅದನ್ನು ತೆಗೆದು ನೋಡಬೇಕಾಗಿ ಕೋರುತ್ತೇವೆ.