ಫೋಟೊ ಅಳಿಸಿದರೆ ಲ್ಯಾಪ್‌ಟಾಪ್ ಚುರುಕಾಗುತ್ತದೆಯೇ?

ಲ್ಯಾಪ್‌ಟಾಪ್ ನಿಧಾನವಾಯಿತೆಂದರೆ ಸುತ್ತಲಿನವರು ಮೊದಲು ಕೊಡುವ ಸಲಹೆ ‘ಮೆಮೊರಿ ಫುಲ್ ಆಗಿರಬೇಕು, ಹಳೇ ಫೋಟೊ, ವಿಡಿಯೊ ಡಿಲೀಟ್ ಮಾಡಿ’ ಎಂಬುದು. ಅದನ್ನು ನಂಬಿ ಮಗುವಿನ ನಾಮಕರಣದ ಚಿತ್ರಗಳನ್ನೂ ಅಳಿಸಿಬಿಡುವವರಿದ್ದಾರೆ. ಎಷ್ಟೋ ಸಲ ಚಿತ್ರಗಳೂ ಹೋಗುತ್ತವೆ, ಯಂತ್ರವೂ ತೆವಳುತ್ತಲೇ ಇರುತ್ತದೆ. ಒಂದೇ ಪದಕ್ಕೆ ಎರಡು ವಸ್ತುಗಳನ್ನು ಕಟ್ಟಿಹಾಕಿರುವುದೇ ಈ ತಪ್ಪಿನ ಬೇರು. ಮೊಬೈಲ್ ಜಾಹೀರಾತಿನ ‘ಇಂಟರ್ನಲ್ ಮೆಮೊರಿ’, ಅಂಗಡಿಯ ‘ಮೆಮೊರಿ ಕಾರ್ಡ್’ ಎರಡೂ ಫೈಲುಗಳನ್ನು ಕೂಡಿಡುವ ಜಾಗ, ಅಂದರೆ ಸ್ಟೋರೇಜ್. ಲ್ಯಾಪ್‌ಟಾಪಿನಲ್ಲಿ ‘ಮೆಮೊರಿ ಸಾಲದು’ ಎಂಬ ಎಚ್ಚರಿಕೆ ಬಂದರೆ ಅದು ಸಾಮಾನ್ಯವಾಗಿ ರ‍್ಯಾಮ್ ಕುರಿತದ್ದು.

ಸ್ಟೋರೇಜ್ ಮನೆಯ ಉಗ್ರಾಣವಾದರೆ ರ‍್ಯಾಮ್ ಅಡುಗೆಕಟ್ಟೆ. ತೆರೆದಿರುವ ಪ್ರೋಗ್ರಾಂಗಳು ಕೆಲಸ ಮಾಡುವುದು ಈ ಕಟ್ಟೆಯ ಮೇಲೆ. ಉಗ್ರಾಣದಿಂದ ಹತ್ತು ಮೂಟೆ ಅಕ್ಕಿ ಹೊರಗೆ ಸಾಗಿಸಿದರೂ ಕಟ್ಟೆ ಒಂದಂಗುಲವೂ ಅಗಲವಾಗದು. ಇವೆರಡರ ರಚನೆಯೇ ಬೇರೆ. ರ‍್ಯಾಮ್‌ನಲ್ಲಿ ಒಂದೊಂದು ಬಿಟ್‌ಗೂ ಒಂದು ಟ್ರಾನ್ಸಿಸ್ಟರ್, ಒಂದು ಸೂಕ್ಷ್ಮ ಕೆಪಾಸಿಟರ್ ಇರುತ್ತವೆ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ದೊರೆತ ಈ ಕಲ್ಪನೆಯೇ ಇಂದಿಗೂ ಅದರ ತಳಹದಿ. ಆ ಕೆಪಾಸಿಟರ್ ಸಣ್ಣ ತೂತಿನ ಕೊಡವಿದ್ದಂತೆ, ಚಾರ್ಜ್ ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬಬೇಕು, ಇಲ್ಲದಿದ್ದರೆ ಮಾಹಿತಿ ಅಳಿಯುತ್ತದೆ. ಸ್ಟೋರೇಜ್ ಮಾತ್ರ ವಿದ್ಯುತ್ ಇಲ್ಲದಿದ್ದರೂ ಮಾಹಿತಿಯನ್ನು ಉಳಿಸಿಕೊಳ್ಳುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ಲ್ಯಾಪ್‌ಟಾಪ್ ಹಠಾತ್ತನೆ ಆರಿದಾಗ, ಸೇವ್ ಮಾಡದ ಪತ್ರ ಮಾಯವಾಗಿ ನಿನ್ನೆಯ ಫೋಟೊ ಹಾಗೇ ಉಳಿಯುವುದು ಇದರಿಂದಲೇ.

‘ಫೈಲ್ ಅಳಿಸಿದ ಮೇಲೆ ನಮ್ಮ ಲ್ಯಾಪ್‌ಟಾಪ್ ಚುರುಕಾಯಿತಲ್ಲ’ ಎನ್ನುವವರ ಅನುಭವವೂ ಸುಳ್ಳಲ್ಲ. ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿನ ಒಂದಷ್ಟನ್ನು ಸ್ಟೋರೇಜ್‌ನ ಪೇಜ್ ಫೈಲಿಗೆ ಸಾಗಿಸುತ್ತದೆ. ಈಗಿನ ಬಹುಪಾಲು ಲ್ಯಾಪ್‌ಟಾಪುಗಳ ಸ್ಟೋರೇಜ್ ಆದ ಎಸ್‌ಎಸ್‌ಡಿಗೂ ಹೊಸದನ್ನು ಬರೆಯಲು ಖಾಲಿ ಜಾಗ ಬೇಕು. ಸಿ ಡ್ರೈವ್ ಕಂಠಮಟ್ಟ ತುಂಬಿ ಅದರ ಪಟ್ಟಿ ಕೆಂಪಾಗಿದ್ದರೆ ತೆರವು ಮಾಡಿದ್ದರಿಂದ ನಿಜವಾಗಿಯೂ ಲಾಭವಿದೆ. ಆದರೆ ಅರ್ಧ ಖಾಲಿಯಿರುವ ಡ್ರೈವಿನಲ್ಲಿ ಇನ್ನಷ್ಟು ಅಳಿಸಿ ಪ್ರಯೋಜನವಿಲ್ಲ. ಅಳಿಸಿದ ಬಳಿಕ ರೀಸ್ಟಾರ್ಟ್ ಮಾಡಿದ್ದರೆ ಚುರುಕು ತಂದದ್ದು ಆ ರೀಸ್ಟಾರ್ಟೇ ಇರಬಹುದು, ಯಾಕೆಂದರೆ ಅದು ಅಡುಗೆಕಟ್ಟೆಯನ್ನು ಒರೆಸಿ ಕೊಡುತ್ತದೆ. ಊಹೆ ಬೇಡ, ನೋಡಿಯೇ ತಿಳಿಯಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಮೆಮೊರಿಯ ಅಂಕಣ 90 ಪ್ರತಿಶತ ದಾಟಿದ್ದರೆ ಅದೇ ಅಂಕಣದ ತಲೆಯ ಮೇಲೆ ಕ್ಲಿಕ್ ಮಾಡಿ, ಹೆಚ್ಚು ತಿನ್ನುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ಬಹಳ ಸಲ ಅದು ಮೂವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್. ಫೋಟೊಗಳ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಎಂಜಿನಿಯರುಗಳೇ ಎಸ್‌ಎಸ್‌ಡಿ ಚಿಪ್ಪನ್ನು ‘ಫ್ಲ್ಯಾಶ್ ಮೆಮೊರಿ’ ಎನ್ನುತ್ತಾರಲ್ಲ ಎಂದು ಕೇಳಬಹುದು. ಹೌದು, ಪದ ತಪ್ಪಲ್ಲ. ಆದರೆ ಅವರು ಹೆಸರಿಸುತ್ತಿರುವುದು ಚಿಪ್ಪಿನ ಬಗೆಯನ್ನು, ಕೊಳ್ಳುವ ನಮಗೆ ಬೇಕಿರುವುದು ಅದು ಮಾಡುವ ಕೆಲಸ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಎಂದು ಬರೆದ ಪೆಟ್ಟಿಗೆಯ ಮುಂದೆ ನಿಂತವರ ಕಣ್ಣು ಸಹಜವಾಗಿ ದೊಡ್ಡ ಅಂಕಿಯ ಮೇಲೆ ಬೀಳುತ್ತದೆ. ವೇಗ ಬೇಕೆಂದು 1 ಟಿಬಿಗೆ ಹಣ ಸುರಿದರೆ ಸಿಗುವುದು ದೊಡ್ಡ ಉಗ್ರಾಣವಷ್ಟೇ. ತೆಳುವಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಚಿಪ್ಪುಗಳನ್ನು ಮದರ್‌ಬೋರ್ಡಿಗೆ ಬೆಸೆದೇ ಬಿಟ್ಟಿರುತ್ತಾರೆ. ಫೋಟೊ ಇಡಲು ಜಾಗ ಸಾಲದಿದ್ದರೆ ನಾಳೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತರಬಹುದು, ಬೆಸೆದ ರ‍್ಯಾಮ್ ಹೆಚ್ಚಿಸಲಾಗದು.