ನಿಮಗಿದು ಗೊತ್ತೇ? ಶಿರಸಿಯ ‘ಹೋಗ್ಬತ್ತಿ’ ಜಪಾನಿನಲ್ಲೂ ಉಂಟು

• ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರು ಮನೆಯಿಂದ ಹೊರಡುವಾಗ ಬರೀ ‘ಹೋಗ್ತಿ’ ಎನ್ನುವುದಿಲ್ಲ, ‘ಹೋಗ್ಬತ್ತಿ’ ಎನ್ನುತ್ತಾರೆ. ಜಪಾನಿನಲ್ಲಿ ಬೆಳಿಗ್ಗೆ ಶಾಲೆಗೋ ಆಫೀಸಿಗೋ ಹೊರಟವರ ಮಾತು ‘ಇತ್ತೆ ಕಿಮಾಸು’. ಇತ್ತೆ ಅಂದರೆ ಹೋಗಿ, ಕಿಮಾಸು ಅಂದರೆ ಬರುತ್ತೇನೆ. ನಾವು ನೆಂಟರ ಮನೆಯಿಂದ ಹೊರಡುವಾಗಲೂ ಇದನ್ನೇ ಹೇಳುತ್ತೇವೆ; ಅವರು ಸಾಮಾನ್ಯವಾಗಿ ತಮ್ಮದೇ ಮನೆಯಿಂದ ಹೊರಡುವಾಗ ಮಾತ್ರ.

• ‘ಹೋಗಿ’, ‘ತಿಂದು’ ಇಂಥವಕ್ಕೆ ಶಾಲೆಯ ವ್ಯಾಕರಣದಲ್ಲಿ ಭೂತನ್ಯೂನ ಎಂದು ಹೆಸರು. ಜಪಾನಿ ಕಲಿಸುವವರು ‘ತೆ’ ರೂಪ ಎನ್ನುತ್ತಾರೆ. ತಬೆತೆ ಎಂದರೆ ತಿಂದು. ತಬೆತೆ ಮಿರು: ತಿಂದು ನೋಡು. ತಬೆತೆ ಶಿಮಾವು: ತಿಂದುಬಿಡು. ರುಚಿ ನೋಡುವುದಕ್ಕೆ ಕಣ್ಣಿನ ಕ್ರಿಯಾಪದ ಯಾಕೆ ಬಂತೆಂದು ಇಂಗ್ಲಿಷರಿಗೆ ಬಿಡಿಸಿ ಹೇಳಬೇಕು. ನಮಗೆ ಬೇಡ.

• ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಸೇರಿಸುವ ಉಳಿದ ಕೊಂಡಿಗಳೂ ಹೀಗೆಯೇ. ತಿನ್ನುತ್ತ: ತಬೆನಗರ. ತಿನ್ನದೆ: ತಬೆನೈದೆ. ತಿಂದರೆ: ತಬೆರೆಬ. ತಿಂದರೂ: ತಬೆತೆಮೊ. ಕೊನೆಯದರ ‘ಮೊ’ ನಮ್ಮ ‘ನಾನೂ, ನೀನೂ’ ಎಂಬಲ್ಲಿನ ‘ಊ’ ಮಾಡುವ ಕೆಲಸವನ್ನೇ ಮಾಡುತ್ತದೆ.

• ‘ಅಣ್ಣ ಬೈಂದ’ (ಬಂದಿದ್ದಾನೆ) ಎಂಬ ಹವ್ಯಕ ಮಾತನ್ನು ಬಿಡಿಸಿದರೆ ಬಂದು + ಇದ್ದ. ‘ಹೋಯ್ದ’ವೂ ಹಾಗೇ. ಜಪಾನಿಯ ‘ಕಿತೆ ಇರು’ ಕೂಡ ಬಂದು ಇರುವುದೇ. ಆಡುಮಾತಿನಲ್ಲಿ ಅದೂ ಮುದ್ದೆಯಾಗಿ ‘ಕಿತೆರು’ ಆಗುತ್ತದೆ. ಹೌದು, ಅವರ ‘ಇರು’ವಿಗೂ ಇರುವುದು ಎಂದೇ ಅರ್ಥ! ಇಷ್ಟಕ್ಕೇ ಹಿಗ್ಗಬೇಡಿ. ಜಪಾನಿ, ತಮಿಳು ಒಂದೇ ಬಳಗ ಎಂದು ವಾದಿಸಿದ ವಿದ್ವಾಂಸ ಸುಸುಮು ಓನೋ ಅವರ ಮಾತನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.

• ಕೊನೆಗೌಡ ಮರ ಹತ್ತಿ, ಅಡಿಕೆ ಕೊನೆ ಕೊಯ್ದು, ಹಗ್ಗದಲ್ಲಿ ಕೆಳಗೆ ಬಿಟ್ಟು, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ, ಸಂಜೆ ಕೂಲಿ ಎಣಿಸಿಕೊಂಡು ಮನೆಗೆ ಹೋದ. ಇಷ್ಟುದ್ದದ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ‘ಹೋದ’ ಒಂದೇ. ಯಾರು, ಯಾವಾಗ ಎಂಬುದೆಲ್ಲ ಅದರ ತಲೆಯ ಮೇಲೆ. ಆದರೆ ‘ಕೊನೆಗೌಡ ಕೊಯ್ದು ಹೆಂಗಸರು ಸುಲಿದರು’ ಎಂದು ನೋಡಿ, ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಆಳು ಬದಲಾದರೆ ‘ಕೊಯ್ದ ಮೇಲೆ’ ಅನ್ನಲೇಬೇಕು. ಹಾಗಾದರೆ ‘ಮಳೆ ಜಾಸ್ತಿಯಾಗಿ ಅಡಿಕೆಗೆ ಕೊಳೆ ಬಂತು’ ಎಂಬುದು? ಅದು ಸಲೀಸು. ಒಂದು ಇನ್ನೊಂದಕ್ಕೆ ಕಾರಣವಾದರೆ ಕರ್ತೃ ಬೇರೆಯಾದರೂ ಕನ್ನಡ ಕಣ್ಣು ಮುಚ್ಚಿಕೊಳ್ಳುತ್ತದೆ. ಜಪಾನಿಯ ‘ತೆ’ ಈ ವಿಷಯದಲ್ಲಿ ನಮಗಿಂತ ಸಡಿಲ. ‘ತಬೆನಗರ’ದ ‘ನಗರ’ ಮಾತ್ರ ಕಟ್ಟುನಿಟ್ಟು, ಎರಡೂ ಕೆಲಸ ಒಬ್ಬನೇ ಮಾಡಬೇಕು.

• ಹಳಗನ್ನಡದಲ್ಲಿ ಆಳು ಬದಲಾಗುವುದಕ್ಕೆಂದೇ ಒಂದು ರೂಪವಿತ್ತು, ಸತಿಸಪ್ತಮಿ. ‘ಸೂರ್ಯ ಮುಳುಗಲು ಹಕ್ಕಿಗಳು ಗೂಡು ಸೇರಿದವು’ ಎನ್ನುವಲ್ಲಿ ಅದರ ಪಳೆಯುಳಿಕೆ ಇದೆ. ತೋಟದಲ್ಲಿ ಹಾಗೆ ಮಾತಾಡಿದರೆ ನಗುತ್ತಾರೆ.



• ‘ಹೋಗಿ’, ‘ತಿಂದು’ ಎಂಬಂಥ ರೂಪ ದ್ರಾವಿಡ ಭಾಷೆಗಳ ಗುತ್ತಿಗೆಯೂ ಅಲ್ಲ. ಸಂಸ್ಕೃತದ ಗತ್ವಾ (ಹೋಗಿ), ಪೀತ್ವಾ (ಕುಡಿದು), ಶಿರಸಿ ಪೇಟೆಯ ಕೊಂಕಣಿಯ ‘ಕರ್ನು’ (ಮಾಡಿ) ಎಲ್ಲ ಇದೇ ಜಾತಿ. ಭಾಷಾವಿಜ್ಞಾನಿ ಕಾಲಿನ್ ಮಸಿಕಾ 1976ರ ಪುಸ್ತಕದಲ್ಲಿ ಈ ರೂಪದ ಹರಹನ್ನು ನಕಾಶೆ ಬಿಡಿಸಿ ತೋರಿಸಿದರು.

• ಹವ್ಯಕರು ‘ಬತ್ತಿ ಹೇಳಿ ಹೇಳ್ದ’ ಎನ್ನುತ್ತಾರೆ, ಅಂದರೆ ಬರುತ್ತೇನೆ ಎಂದು ಹೇಳಿದ. ಎರಡು ಸಲ ಯಾಕೆ? ಮೊದಲ ‘ಹೇಳಿ’ ಇಲ್ಲಿ ‘ಎಂದು’ವಿನ ಜಾಗದಲ್ಲಿ ಕೂತಿದೆ. ಆ ‘ಎಂದು’ ಕೂಡ ‘ಎನ್ನು’ವಿನ ಭೂತನ್ಯೂನವೇ.